‘ಲಾರ್ಡ್ ಆಫ್ ದಿ ಫ್ಲೈಸ್’: ಶಂಖ, ಕನ್ನಡಕ ಮತ್ತು ಬೆಂಕಿ

ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ, ಯುದ್ಧಕಾಲದಲ್ಲಿ ವಿಮಾನ ಬಿದ್ದು ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ಇಂಗ್ಲಿಷ್ ಬಾಲಕರು ಮೊದಲು ಸಭೆ ಸೇರುತ್ತಾರೆ, ಕೊನೆಗೆ ತಮ್ಮವನನ್ನೇ ಬೇಟೆಯಾಡಲು ಹೊರಡುತ್ತಾರೆ. ಪರೀಕ್ಷೆಗೆ ಓದುವ ನಾವು ಹಾಳೆಯ ನಡುವೆ ಗೆರೆ ಎಳೆದು, ಶಂಖ, ಕನ್ನಡಕ, ಬೆಂಕಿಗಳನ್ನು ನಾಗರಿಕತೆಯ ಪಾಲಿಗೂ, ಮುಖಕ್ಕೆ ಬಳಿದ ಬಣ್ಣ, ಈಟಿ, ಕೋಲಿಗೆ ಸಿಕ್ಕಿಸಿದ ಹಂದಿತಲೆಗಳನ್ನು ಅನಾಗರಿಕತೆಯ ಪಾಲಿಗೂ ಹಂಚಿಬಿಡುತ್ತೇವೆ. ಕಾದಂಬರಿ ಆ ಗೆರೆಯನ್ನು ಉಳಿಯಗೊಡುವುದಿಲ್ಲ.

‘ಶಂಖದಿಂದ ಬಂದರೇ ತೀರ್ಥ’ ಎಂಬ ನಮ್ಮ ಗಾದೆ ಈ ದ್ವೀಪದಲ್ಲಿ ಅಕ್ಷರಶಃ ಕಾನೂನು: ಶಂಖ ಹಿಡಿದವನ ಮಾತಿಗೆ ಮಾತ್ರ ಸಭೆಯಲ್ಲಿ ಬೆಲೆ. ಚಿಪ್ಪಿಗೆ ಸ್ವಂತ ಬಲವೇನೂ ಇಲ್ಲ. ಹುಡುಗರು ಒಪ್ಪಿದಷ್ಟು ದಿನ ಅದರ ಆಳ್ವಿಕೆ. ಬೆಟ್ಟದ ಮೇಲೆ ಶಂಖ ಲೆಕ್ಕಕ್ಕಿಲ್ಲ ಎಂದು ಬೇಟೆಗಾರ ಹುಡುಗರ ಮುಖಂಡ ಜ್ಯಾಕ್ ಎರಡನೆಯ ಅಧ್ಯಾಯದಲ್ಲೇ ಸಾರುತ್ತಾನೆ. ಅದರ ಕೆನೆಗೆಂಪು ಬಣ್ಣವೂ ಬರಬರುತ್ತ ಬಿಳಿಚಿಕೊಳ್ಳುತ್ತದೆ. ಹನ್ನೊಂದನೆಯ ಅಧ್ಯಾಯದಲ್ಲಿ ಜ್ಯಾಕ್‌ನ ಗುಂಪಿನ ರೋಜರ್ ಉರುಳಿಸಿದ ಬಂಡೆಗೆ ಶಂಖ ಚೂರುಚೂರಾಗುತ್ತದೆ, ಅದನ್ನು ಹಿಡಿದಿದ್ದ ಕನ್ನಡಕದ ಹುಡುಗ ಪಿಗ್ಗಿ ಸಾಯುತ್ತಾನೆ. ಇದೇ ರೋಜರ್ ನಾಲ್ಕನೆಯ ಅಧ್ಯಾಯದಲ್ಲಿ ಪುಟ್ಟ ಹೆನ್ರಿಯತ್ತ ಕಲ್ಲೆಸೆಯುವಾಗ ಬೇಕೆಂದೇ ಗುರಿ ತಪ್ಪಿಸಿದ್ದ; ತಂದೆತಾಯಿ, ಶಾಲೆ, ಪೊಲೀಸು, ಕಾನೂನುಗಳು ಕಣ್ಣಿಗೆ ಕಾಣದೆಯೂ ಆ ಮಗುವಿನ ಸುತ್ತ ಕಾವಲು ನಿಂತಿದ್ದವು. ಈ ಎರಡು ಕಲ್ಲುಗಳನ್ನು ಜೊತೆಗಿಟ್ಟು ಓದುವುದು ಯಾವ ಪಟ್ಟಿಗಿಂತಲೂ ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ.

ಹುಡುಗರು ಬಿಸಿಲು ಹಿಡಿದು ಬೆಂಕಿ ಹೊತ್ತಿಸುವ ಪಿಗ್ಗಿಯ ಕನ್ನಡಕ ಬುದ್ಧಿಯ, ವಿಜ್ಞಾನದ ಸಂಕೇತವೆನ್ನುವುದು ವಾಡಿಕೆ. (ಆದರೆ ಪಿಗ್ಗಿಯಂಥ ಸಮೀಪದೃಷ್ಟಿಯವನ ಕನ್ನಡಕದಲ್ಲಿರುವುದು ನಿಮ್ನ ಮಸೂರ, ಅದು ಬಿಸಿಲನ್ನು ಚದುರಿಸುತ್ತದೆಯೇ ಹೊರತು ಬೆಂಕಿ ಹೊತ್ತಿಸಲಾರದು. ವಿಜ್ಞಾನದ ಸಂಕೇತದಲ್ಲೇ ವಿಜ್ಞಾನ ಎಡವಿರುವುದು ತಮಾಷೆಯಾಗಿದೆ.) ಮುಖ್ಯ ಸಂಗತಿಯೆಂದರೆ, ಹಡಗನ್ನು ಕರೆಯುವ ಹೊಗೆಗೂ ಜ್ಯಾಕ್‌ನ ಮಾಂಸ ಸುಡುವ ಒಲೆಗೂ ಕಿಡಿ ಒದಗಿಸುವುದು ಅದೊಂದೇ ಕನ್ನಡಕ.

ಬೆಂಕಿಯ ಕಥೆ ಇನ್ನೂ ವಿಚಿತ್ರ. ರಕ್ಷಣೆಗೆಂದು ಹಚ್ಚಿದ ಮೊದಲ ಬೆಂಕಿ ಕೈಮೀರಿ ಕಾಡು ಸುಡುತ್ತದೆ, ಮುಖದಲ್ಲಿ ಮಚ್ಚೆಯಿದ್ದ ಮಗುವೊಂದು ಮತ್ತೆ ಕಾಣಿಸುವುದಿಲ್ಲ. ಹುಡುಗರು ಮೊದಲು ನಾಯಕನೆಂದು ಆರಿಸಿದ್ದ ರಾಲ್ಫ್‌ನನ್ನು ಕೊಲ್ಲಲು ಹಚ್ಚಿದ ಕೊನೆಯ ಬೆಂಕಿಯ ಹೊಗೆ ಕಂಡೇ ಹಡಗು ಬರುತ್ತದೆ. ಬಂದವನು ನೌಕಾಪಡೆಯ ಅಧಿಕಾರಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದು, 1944ರ ನಾರ್ಮಂಡಿ ದಾಳಿಯಲ್ಲೂ ಪಾಲ್ಗೊಂಡಿದ್ದ ಗೋಲ್ಡಿಂಗ್‌ಗೆ ಆ ಸಮವಸ್ತ್ರ ಹೊಸದಾಗಿರಲಿಲ್ಲ. ರಾಲ್ಫ್ ಬಿಕ್ಕಿಬಿಕ್ಕಿ ಅಳುವಾಗ ಅಧಿಕಾರಿ ಮುಜುಗರದಿಂದ ಮುಖ ತಿರುಗಿಸಿ, ದೂರದಲ್ಲಿ ನಿಂತ ತನ್ನ ಯುದ್ಧನೌಕೆಯನ್ನು ನೋಡುತ್ತಾ ನಿಲ್ಲುತ್ತಾನೆ.