ಮರಳುಗುಡ್ಡದ ಮೇಲೆ ಅಲೆಯ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೊ ಗಡಿಯ ಬಳಿ, ಅರುವತ್ತು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದ ಮರಳುಗುಡ್ಡಗಳ ಸಾಲೊಂದಿದೆ. ಇಂಪೀರಿಯಲ್ ಮರಳುಗುಡ್ಡಗಳು ಎಂಬುದು ನಕ್ಷೆಯಲ್ಲಿರುವ ಹೆಸರು. ಅಲ್ಲಿಗೆ ವಾಹನ ಓಡಿಸಲು ಹೋಗುವವರ ಬಾಯಲ್ಲಿ ಅದು ಗ್ಲಾಮಿಸ್. ನವೆಂಬರ್ ಕೊನೆಯ ರಜಾ ದಿನಗಳಲ್ಲಿ ಅಲ್ಲಿನ ಓಲ್ಡ್ಸ್‌ಮೊಬೀಲ್ ಹಿಲ್ ಎಂಬ ದಿಬ್ಬದ ಬುಡದಲ್ಲಿ ನಾಲ್ಕು ಚಕ್ರದ ಸಣ್ಣ ವಾಹನಗಳು ಜೋಡಿ ಜೋಡಿಯಾಗಿ ನಿಂತು, ಒಮ್ಮೆಲೇ ಚೀರುತ್ತ, ಹಿಂದೆ ಮರಳನ್ನು ಎರಚುತ್ತ ನೆತ್ತಿಯತ್ತ ನುಗ್ಗುತ್ತವೆ. ಈ ಪೈಪೋಟಿಯಲ್ಲಿ ದಶಕಗಳಿಂದ ಮತ್ತೆ ಮತ್ತೆ ಕಾಣಿಸುವ ವಾಹನ ಯಮಹಾ ಬ್ಯಾನ್ಶೀ. 1987ರ ಮಾದರಿಯಾಗಿ ಬಂದ ಇದು 2006ರವರೆಗೆ ಅಮೆರಿಕದ ಮಾರುಕಟ್ಟೆಯಲ್ಲಿತ್ತು.

ಬ್ಯಾನ್ಶೀಯದು ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್: ಬೋರ್ (ಸಿಲಿಂಡರಿನ ಒಳವ್ಯಾಸ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 54 ಮಿ.ಮೀ., ಒಟ್ಟು 347 ಸಿಸಿ. ಎಂಬತ್ತರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದ ರಾಜದೂತ್ 350ರ ಎಂಜಿನ್ನಿನದೂ ಇದೇ ಬೋರ್, ಇದೇ ಸ್ಟ್ರೋಕ್. ಎರಡೂ ಯಮಹಾದ ಆರ್‌ಡಿ ಬೈಕುಗಳ ವಂಶದವು. ರಾಜದೂತ್ ಗಾಳಿಯಿಂದ ತಣಿಯುತ್ತಿತ್ತು, ಬ್ಯಾನ್ಶೀ ನೀರಿನಿಂದ ತಣಿಯುತ್ತದೆ. ಹಾಗಾಗಿ ಬೆಂಗಳೂರು, ಮೈಸೂರುಗಳ ಗ್ಯಾರೇಜುಗಳಲ್ಲಿ ಆ ಬೈಕಿನ ಬ್ಲಾಕ್ ಬಿಚ್ಚಿ ಬೋರ್ ಮಾಡಿಸಿದವರಿಗೆ ಗ್ಲಾಮಿಸ್‌ನ ವಾಹನದ ಒಳಗು ಅಪರಿಚಿತವಲ್ಲ.

ಈ ಎಂಜಿನ್ನಿನಲ್ಲಿ ಸಿಲಿಂಡರಿನ ಮುಚ್ಚಳವಾದ ಹೆಡ್ಡಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆದು ಹೊಗೆ ಹೊರಬೀಳುತ್ತದೆ. ತುಸು ಕೆಳಗೆ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಪೆಟ್ರೋಲ್ ಮತ್ತು ಗಾಳಿಯ ಹೊಸ ಮಿಶ್ರಣ ಒಳನುಗ್ಗುತ್ತದೆ. ಮೇಲಕ್ಕೆ ಬರುವಾಗ ಈ ಕ್ರಮ ತಿರುಗುಮುರುಗು: ಮೊದಲು ಟ್ರಾನ್ಸ್‌ಫರ್ ಮುಚ್ಚುತ್ತದೆ, ಎಕ್ಸಾಸ್ಟ್ ಕೊನೆಯಲ್ಲಿ ಮುಚ್ಚುತ್ತದೆ. ತುಂಬಿದ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಸೋರಿಹೋಗುವುದು ಈ ಕಿರು ಅಂತರದಲ್ಲಿ. ಟೂ ಸ್ಟ್ರೋಕ್ ಎಂಜಿನ್ನಿನ ಹುಟ್ಟುದೋಷ ಇದೇ. ಅದರ ಅಪಾರ ಶಕ್ತಿಯ ಗುಟ್ಟೂ ಇಲ್ಲೇ ಅಡಗಿದೆ, ಏಕೆಂದರೆ ಹಾಗೆ ಸೋರಿದ್ದನ್ನು ಮತ್ತೆ ಒಳಕ್ಕೆ ತಳ್ಳುವ ಕೆಲಸವನ್ನು ಸೈಲೆನ್ಸರ್ ಕೊಳವೆಯಿಂದಲೇ ಮಾಡಿಸಬಹುದು.

ಆ ಕೊಳವೆಗೆ ಎಕ್ಸ್‌ಪ್ಯಾನ್ಶನ್ ಚೇಂಬರ್ ಎನ್ನುತ್ತಾರೆ. ಆರಂಭದಲ್ಲಿ ಸಪೂರ, ನಡುವೆ ಉಬ್ಬಿದ ಹೊಟ್ಟೆ, ತುದಿಯಲ್ಲಿ ಮತ್ತೆ ಸಪೂರ: ಇಷ್ಟೇ ಅದರ ಆಕಾರ. ಪೋರ್ಟ್ ತೆರೆದ ಕ್ಷಣ ಹೊರಟ ಒತ್ತಡದ ಅಲೆಯು ಕೊಳವೆ ಅಗಲವಾಗುತ್ತ ಹೋಗುವ ಭಾಗವನ್ನು ಹೊಕ್ಕಾಗ ಅಲ್ಲಿಂದ ಕಡಿಮೆ ಒತ್ತಡದ ಅಲೆಯಾಗಿ ಮರಳುತ್ತದೆ. ಅದು ಸಿಲಿಂಡರಿನ ಹೊಗೆಯನ್ನು ಹೀರಿ ಹೊಸ ಮಿಶ್ರಣವನ್ನು ಮೇಲಕ್ಕೆ ಸೆಳೆಯುತ್ತದೆ. ಉಳಿದ ಅಲೆ ಮುಂದೆ ಸಾಗಿ ಕಿರಿದಾಗುವ ಭಾಗಕ್ಕೆ ಬಡಿದು ಹೆಚ್ಚು ಒತ್ತಡದ ಅಲೆಯಾಗಿಯೇ ಹಿಂತಿರುಗುತ್ತದೆ. ಈ ಎರಡನೆಯದು ಎಕ್ಸಾಸ್ಟ್ ಪೋರ್ಟ್ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದರೆ, ಹೊರಬಂದಿದ್ದ ಮಿಶ್ರಣ ಸಿಲಿಂಡರಿಗೆ ವಾಪಸಾಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 9,000 ಸುತ್ತಿನಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ 150ನೇ ಒಂದು ಭಾಗ. ಒಂದು ಸುತ್ತಿನ 360 ಡಿಗ್ರಿಯಲ್ಲಿ ಎಕ್ಸಾಸ್ಟ್ ಪೋರ್ಟ್ 190 ಡಿಗ್ರಿ ತೆರೆದಿರುತ್ತದೆ ಎಂದುಕೊಂಡರೆ ಅಲೆಗೆ ಸಿಗುವುದು ಸುಮಾರು 3.5 ಮಿಲಿಸೆಕೆಂಡ್. ಕಾದ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 520 ಮೀಟರಿನ ಆಸುಪಾಸು ಇರುವುದರಿಂದ ಅಷ್ಟರಲ್ಲಿ ಅಲೆ ಸಾಗಬಲ್ಲ ದೂರ ಸುಮಾರು 1.8 ಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಪಿಸ್ಟನ್ನಿನಿಂದ ಕೊಳವೆಯ ಹಿಂತುದಿಯ ಶಂಕುವಿನವರೆಗಿನ ಉದ್ದ ಸುಮಾರು 90 ಸೆಂ.ಮೀ. ಆಗಬೇಕು. ಸುತ್ತು ಕಡಿಮೆಯಿದ್ದಾಗ ಇದೇ ಕೊಳವೆಯಲ್ಲಿ ಅಲೆ ತೀರ ಬೇಗ ಮರಳಿ, ಇನ್ನೂ ಅಗಲವಾಗಿ ತೆರೆದಿರುವ ಪೋರ್ಟಿನೊಳಗೆ ಹೊಗೆಯನ್ನೇ ತಿರುಗಿ ತುಂಬುತ್ತದೆ. ಇಂಥ ಎಂಜಿನ್ ಕೆಳಗಿನ ಸುತ್ತುಗಳಲ್ಲಿ ಮಂಕಾಗಿದ್ದು ಒಂದು ಹಂತ ದಾಟಿದೊಡನೆ ಹುಚ್ಚೆದ್ದಂತೆ ಎಳೆಯುವುದಕ್ಕೆ ಕಾರಣ ಇದೇ. ಕೊಳಲಿನ ಉದ್ದ ಬದಲಾದರೆ ಶ್ರುತಿ ಬದಲಾಗುವಂತೆ ಕೊಳವೆಯ ಉದ್ದ ಬದಲಾದರೆ ಈ ಹಂತವೂ ಬದಲಾಗುತ್ತದೆ. ದಿಬ್ಬ ಏರುವ ಸ್ಪರ್ಧೆಗೆ ಮಾಡಿದ ಕೊಳವೆ ಕಾಡಿನ ಅಂಕುಡೊಂಕು ದಾರಿಗೆ ಒಗ್ಗದಿರುವುದು ಸಹಜ.

ಈ ವಿದ್ಯೆಯನ್ನು ಪಕ್ವಗೊಳಿಸಿದವರು ಪೂರ್ವ ಜರ್ಮನಿಯ ಎಂಜಡ್ (MZ) ಮೋಟಾರ್‌ಸೈಕಲ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರ ವೇಳೆಗೆ ಅವರ 125 ಸಿಸಿ ರೇಸ್ ಎಂಜಿನ್ ಸುಮಾರು 25 ಅಶ್ವಶಕ್ತಿ, ಅಂದರೆ ಲೀಟರಿಗೆ 200 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಸಂದರ್ಭದಲ್ಲಿ ಪಶ್ಚಿಮಕ್ಕೆ ಪರಾರಿಯಾಗಿ, ಈ ಜ್ಞಾನವನ್ನು ಜಪಾನಿನ ಸುಜುಕಿಗೆ ಒಯ್ದರು. ಮರುವರ್ಷ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ತನ್ನ ಕೆಲಸದ ಫಲವನ್ನು ಬೇರೆಯವರು ಉಂಡದ್ದನ್ನು ಕಾಡೆನ್ ನೋಡಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೊಳವೆ ಬದಲಾಯಿಸಿದ ಮೇಲೆ ಪೋರ್ಟುಗಳನ್ನೂ ಅದಕ್ಕೆ ಹೊಂದಿಸಬೇಕು. ಬ್ಯಾನ್ಶೀಯ 54 ಮಿ.ಮೀ. ಸ್ಟ್ರೋಕ್, 110 ಮಿ.ಮೀ. ಕನೆಕ್ಟಿಂಗ್ ರಾಡ್ ಇಟ್ಟುಕೊಂಡು ಲೆಕ್ಕ ಮಾಡಿದರೆ, ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತರಿಸಿದಾಗ ಅದು ತೆರೆದಿರುವ ಅವಧಿ ನಾಲ್ಕು ಡಿಗ್ರಿಯಷ್ಟು ಹೆಚ್ಚುತ್ತದೆ. ಸಣ್ಣ ಗ್ರೈಂಡರ್ ಹಿಡಿದವನ ಕೈ ಒಮ್ಮೆ ಜಾರಿದರೆ ಸಾಕು, ಎಂಜಿನ್ನಿನ ಸ್ವಭಾವವೇ ಬೇರೆಯಾಗುತ್ತದೆ. ಕೊರೆದ ಅಂಚನ್ನು ಇಳಿಜಾರಾಗಿ ಉಜ್ಜಿ ನುಣುಪು ಮಾಡದಿದ್ದರೆ ಕಿಂಡಿಯೊಳಗೆ ತುಸು ಉಬ್ಬುವ ಪಿಸ್ಟನ್ ರಿಂಗ್ ಅಂಚಿಗೆ ಸಿಕ್ಕಿ ಮುರಿಯುತ್ತದೆ.

ಹೆಡ್ಡಿನ ಕೆಲಸ ಇನ್ನೂ ಸೂಕ್ಷ್ಮ. ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಉಂಗುರದಾಕಾರದ ಸಂದಿಗೆ ಸ್ಕ್ವಿಶ್ ಎನ್ನುತ್ತಾರೆ. ಅಲ್ಲಿಂದ ಮಿಶ್ರಣ ರಭಸವಾಗಿ ನಡುವಿಗೆ ಚಿಮ್ಮಿ ಬೇಗ ಉರಿಯುತ್ತದೆ. ಸಂದಿ ತೀರ ಹೆಚ್ಚಾಗಿದ್ದರೆ ಅಂಚಿನಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ ತಾನಾಗಿ ಸಿಡಿದು ಪಿಸ್ಟನ್ನಿನ ನೆತ್ತಿಯನ್ನು ಗೆದ್ದಲು ತಿಂದಂತೆ ಕೊರೆಯುತ್ತದೆ. ತೀರ ಕಡಿಮೆಯಿದ್ದರೆ ಪಿಸ್ಟನ್ ಹೆಡ್ಡಿಗೇ ತಾಗುತ್ತದೆ. ಇದನ್ನು ಅಳೆಯುವ ವಿಧಾನ ಬಲು ಸರಳ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಮೆತ್ತನೆಯ ಬೆಸುಗೆ ತಂತಿಯನ್ನು ಸಿಲಿಂಡರಿನ ಗೋಡೆಗೆ ತಾಗುವವರೆಗೆ ತೂರಿಸಬೇಕು. ಪಿಸ್ಟನ್ ವಾಲದಂತೆ ತಂತಿಯನ್ನು ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ನೇರಕ್ಕೇ ಹಿಡಿದು ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ತಂತಿಯ ತುದಿ ಕಾಗದದಂತೆ ಚಪ್ಪಟೆಯಾಗುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಎದುರು ಬದಿಯಲ್ಲೂ ಹಾಗೆಯೇ ಅಳೆದು, ಎರಡೂ ಸುಮಾರು 1 ಮಿ.ಮೀ.ಗಿಂತ ತುಸು ಮೇಲಿದ್ದು ಒಂದಕ್ಕೊಂದು ಸರಿಹೊಂದಿದರೆ ಮುಂದಿನ ಕೆಲಸಕ್ಕೆ ಹೋಗಬಹುದು.

ಸಿಸಿ ಹೆಚ್ಚಿಸುವವರು 4 ಮಿ.ಮೀ. ಹೆಚ್ಚು ಸ್ಟ್ರೋಕ್ ಕೊಡುವ ಕ್ರ್ಯಾಂಕ್ ಹಾಕುತ್ತಾರೆ. ಆಗ 347 ಸಿಸಿ 373 ಆಗುತ್ತದೆ. ಅದರ ಜೊತೆಗೆ 68 ಮಿ.ಮೀ. ಬೋರಿನ ಹೊಸ ಸಿಲಿಂಡರುಗಳನ್ನು ಕೂರಿಸಿದರೆ 421. ಪಿಸ್ಟನ್ ಈಗ ಮೇಲಕ್ಕೆ 2 ಮಿ.ಮೀ., ಕೆಳಕ್ಕೆ 2 ಮಿ.ಮೀ. ಹೆಚ್ಚು ಚಲಿಸುವುದರಿಂದ ಹೆಡ್ಡನ್ನು ಕಡಿಯಬೇಕು ಇಲ್ಲವೇ ಸಿಲಿಂಡರಿನ ಕೆಳಗೆ ತಗಡಿಟ್ಟು ಎತ್ತರಿಸಬೇಕು. ಪೋರ್ಟುಗಳ ಕಾಲ, ಕೊಳವೆಯ ಉದ್ದ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಾದ ಜೆಟ್ಟುಗಳ ಅಳತೆ ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಬೇಕು. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸಿ ಶಕ್ತಿ ಪಡೆಯಬಹುದೆಂದು ನಂಬುವವರು ಎಡವುವುದು ಇಲ್ಲೇ.

ಇಷ್ಟು ಶಕ್ತಿಯನ್ನು ಮರಳಿಗೆ ಮುಟ್ಟಿಸಲು ಹಿಂಬದಿಗೆ ದೋಣಿಯ ಹುಟ್ಟಿನಂಥ ಅಡ್ಡಪಟ್ಟಿಗಳಿರುವ ಟೈರುಗಳು ಬೇಕು. ಮುಂಭಾಗ ಮೇಲೆದ್ದು ಮಗುಚದಂತೆ ಉದ್ದನೆಯ ಸ್ವಿಂಗ್ ಆರ್ಮ್ (ಹಿಂಚಕ್ರಗಳನ್ನು ಹಿಡಿಯುವ ತೋಳು) ಹಾಕುತ್ತಾರೆ. ಕಾರ್ಬುರೇಟರಿನ ಸ್ಲೈಡ್ ಮುಚ್ಚದೆ ಸಿಕ್ಕಿಕೊಂಡರೆ ಎಂಜಿನ್ನಿನ ವೇಗಕ್ಕೆ ಕಡಿವಾಣ ಹಾಕುವ ಮೂಲ ವ್ಯವಸ್ಥೆಯನ್ನು ಅನೇಕರು ಕಿರಿಕಿರಿಯೆಂದು ಕಿತ್ತುಹಾಕುತ್ತಾರೆ. ಹಾಗೆ ಮಾಡುವವರು ಸವಾರನ ಮಣಿಕಟ್ಟಿಗೆ ಕಟ್ಟಿದ ದಾರ ಎಳೆದೊಡನೆ ಎಂಜಿನ್ ಆರುವ ಸ್ವಿಚ್ಚನ್ನಾದರೂ ಅಳವಡಿಸಲೇಬೇಕು.

ಕೊನೆಗೆ ಉಳಿಯುವುದು ಜೆಟ್ಟಿಂಗ್, ಅಂದರೆ ಸರಿಯಾದ ಅಳತೆಯ ಜೆಟ್ ಆರಿಸುವುದು. ಮರಳು ಎಂಜಿನ್ನಿಗೆ ಉಸಿರಾಡಲು ಬಿಡುವುದಿಲ್ಲ. ಪೂರ್ತಿ ಥ್ರಾಟಲಿನಲ್ಲಿ ಹೊರೆ ಎಳೆಯುತ್ತಲೇ ಇರಬೇಕು. ಮರುಭೂಮಿಯಲ್ಲಿ ಮಧ್ಯಾಹ್ನ 25 ಡಿಗ್ರಿ ಇದ್ದದ್ದು ರಾತ್ರಿ 5 ಡಿಗ್ರಿಗೆ ಇಳಿದರೆ ಗಾಳಿಯ ಸಾಂದ್ರತೆ ಶೇ. 7ರಷ್ಟು ಏರುತ್ತದೆ. ಅದೇ ಜೆಟ್ಟಿನಿಂದ ಬರುವ ಪೆಟ್ರೋಲ್ ಮಾತ್ರ ಅದರ ಅರ್ಧದಷ್ಟೇ ಹೆಚ್ಚುತ್ತದೆ. ಮಧ್ಯಾಹ್ನ ಅಂಚಿಗೆ ತಂದಿಟ್ಟ ಮಿಶ್ರಣ ರಾತ್ರಿಯ ಸ್ಪರ್ಧೆಯಲ್ಲಿ ತೆಳುವಾಗಿ, ಪಿಸ್ಟನ್ ಕಾದು ಹಿಗ್ಗಿ, ಎಂಜಿನ್ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಲ್ಲುತ್ತದೆ. ಅನುಭವಸ್ಥರು ಅದಕ್ಕೇ ಕತ್ತಲಾಗುವ ಮುನ್ನ ದೊಡ್ಡ ಮೇನ್ ಜೆಟ್ ಹಾಕುತ್ತಾರೆ. ಪೂರ್ತಿ ಥ್ರಾಟಲಿನಲ್ಲಿ ಒಮ್ಮೆ ಓಡಿಸಿ, ಅಲ್ಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಟಾರ್ಚಿನ ಬೆಳಕಿನಲ್ಲಿ ಪಿಂಗಾಣಿಯ ಬುಡ ನೋಡುತ್ತಾರೆ. ಅಲ್ಲಿ ಕಂದುಬಣ್ಣದ ತೆಳು ಉಂಗುರ ಕಂಡರೆ ಮಾತ್ರ ದಿಬ್ಬದ ಬುಡಕ್ಕೆ ಹೊರಡುತ್ತಾರೆ.