ಒಳ ಡೋಸ್ ಅಂದರೆ ಏನು?

ಒಂದೇ ಊರು, ಅಕ್ಕಪಕ್ಕದ ಮನೆ. ಮಣ್ಣೂ ಅದೇ, ಮಣ್ಣಿಗೆ ಬಿದ್ದ ವಿಕಿರಣದ ಧೂಳೂ ಅದೇ. ಆದರೂ ಇಬ್ಬರ ಮೈ ಅಳೆದು ನೋಡಿದರೆ ಒಬ್ಬರಲ್ಲಿ ಇನ್ನೊಬ್ಬರಿಗಿಂತ ಹಲವು ಪಟ್ಟು ಜಾಸ್ತಿ ಸೀಸಿಯಂ (ಆ ಧೂಳಿನಲ್ಲಿರುವ, ವಿಕಿರಣ ಸೂಸುವ ಲೋಹ) ಸಿಗಬಹುದು. 1986ರ ಚೆರ್ನೋಬಿಲ್ ಅಣುಸ್ಥಾವರದ ಅವಘಡದ ನಂತರ ಬೆಲಾರುಸ್, ಉಕ್ರೇನ್, ರಷ್ಯಾದ ಹಳ್ಳಿಗಳಲ್ಲಿ ಇಂಥದ್ದನ್ನು ಕಂಡಿದ್ದಾರೆ. ವ್ಯತ್ಯಾಸ ಬಹುಪಾಲು ಊಟದ್ದು.

ಡೋಸ್ ಅಂದರೆ ಮೈಗೆ ತಾಗಿದ ವಿಕಿರಣದ ಪ್ರಮಾಣ. ನೆಲದ ಮೇಲಿರುವ ವಿಕಿರಣ ಹೊರಗಿನಿಂದ ಮೈಗೆ ತಾಗಿದರೆ ಅದು ಹೊರ ಡೋಸ್. ತಿಂದದ್ದು, ಕುಡಿದದ್ದು, ಉಸಿರಾಡಿದ್ದರ ಜೊತೆ ಒಳಗೆ ಹೋಗಿ ಅಲ್ಲಿಂದಲೇ ತಾಗಿದರೆ ಒಳ ಡೋಸ್. ಹೊರಗಿನದ್ದಾದರೆ ಜಾಗ ಬಿಟ್ಟು ದೂರ ಹೋಗಬಹುದು. ಒಳಗಿನದ್ದು ನಾವು ಹೋದಲ್ಲೆಲ್ಲ ಜೊತೆಗೇ ಬರುತ್ತದೆ, ಮೈ ಅದನ್ನು ಹೊರಹಾಕುವ ತನಕ.

ಸೀಸಿಯಂ-137 (ಇಲ್ಲಿ ಹೇಳುತ್ತಿರುವ ಸೀಸಿಯಂ ಇದೇ) ಮಣ್ಣಲ್ಲಿ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ದೊಡ್ಡವರ ಮೈಯಿಂದ ಅರ್ಧ ಹೊರಗೆ ಹೋಗಲು ಸುಮಾರು ಮೂರು ತಿಂಗಳು ಸಾಕು, ಮಕ್ಕಳಲ್ಲಿ ಇನ್ನೂ ಬೇಗ. ಅಂದರೆ ಊಟ ಬದಲಾದರೆ ಒಳ ಡೋಸ್ ಕೂಡ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ನನಗೆ ಈ ವಿಷಯದಲ್ಲಿ ಮುಖ್ಯ ಅನ್ನಿಸೋದು ಇದೇ.

ಗಿಡಕ್ಕೆ ಸೀಸಿಯಂ ಪೊಟ್ಯಾಸಿಯಂ ಥರ ಕಾಣುತ್ತದೆ. ಮಣ್ಣಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದರೆ ಬೇರು ಸೀಸಿಯಂ ಅನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿನ ಹೊಲಗಳಿಗೆ ಪೊಟ್ಯಾಷ್ ಗೊಬ್ಬರ ಜಾಸ್ತಿ ಹಾಕಿದರು. ಜೇಡಿಮಣ್ಣು ಸೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೌಗು ಮಣ್ಣು ಬಿಟ್ಟುಕೊಡುತ್ತದೆ. ಉಕ್ರೇನ್‌ನ ರಿವ್ನೆ ಭಾಗದಲ್ಲಿ ಬಿದ್ದ ಸೀಸಿಯಂ ಬೇರೆ ಕೆಲವು ಕಡೆಗಳಷ್ಟು ಇರಲಿಲ್ಲ. ಆದರೆ ಜೌಗು ನೆಲದಿಂದಾಗಿ ಅಲ್ಲಿನ ಹಸುವಿನ ಹಾಲಲ್ಲಿ ವರ್ಷಗಟ್ಟಲೆ ಉಳಿಯಿತು. ಎಲ್ಲಿ ಎಷ್ಟು ಬಿದ್ದಿದೆ ಅನ್ನುವ ನಕ್ಷೆ ಮಾತ್ರ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ?

ಹಾಲು ಯಾಕೆ ಅಷ್ಟು ಮುಖ್ಯ? ಹಸು ದಿನಕ್ಕೆ ಹತ್ತಾರು ಕಿಲೋ ಹುಲ್ಲು ಮೇಯುತ್ತದೆ. ಅಷ್ಟಗಲದ ನೆಲದ ಮೇಲಿದ್ದದ್ದು ಕೆಚ್ಚಲಿಗೆ ಬರುತ್ತದೆ. ಅವಘಡದ ಮೊದಲ ವಾರಗಳಲ್ಲಿ ಮಕ್ಕಳ ಥೈರಾಯ್ಡಿಗೆ ಅಯೋಡಿನ್-131 ಎಂಬ ಇನ್ನೊಂದು ವಿಕಿರಣ ವಸ್ತು ಸೇರಿದ್ದು ಮುಖ್ಯವಾಗಿ ಹಾಲಿನಿಂದ. ಅದು 8 ದಿನಕ್ಕೆ ಅರ್ಧವಾಗುತ್ತದೆ. ಆ ಕೆಲವು ವಾರ ಅಲ್ಲಿನ ಹಸುಗಳ ಹಾಲನ್ನು ನಿಲ್ಲಿಸಿದ್ದರೆ ಬಹಳಷ್ಟು ಥೈರಾಯ್ಡ್ ಕ್ಯಾನ್ಸರ್ ತಪ್ಪುತ್ತಿತ್ತು.

ಲೆಕ್ಕ ಹೀಗೆ ಮಾಡಬಹುದು. ಉಕ್ರೇನ್‌ನಲ್ಲಿ ಹಾಲಿಗೆ ಲೀಟರಿಗೆ 100 ಬೆಕೆರೆಲ್ ಸೀಸಿಯಂ ಮಿತಿ (ಸೆಕೆಂಡಿಗೆ ಒಂದು ಪರಮಾಣು ಒಡೆದು ವಿಕಿರಣ ಬಿಟ್ಟರೆ ಒಂದು ಬೆಕೆರೆಲ್). ಆ ಮಿತಿಯ ಹಾಲನ್ನು ಒಬ್ಬ ದೊಡ್ಡವರು ದಿನಾ ಒಂದು ಲೀಟರ್ ಕುಡಿದರೆ ವರ್ಷಕ್ಕೆ ಸುಮಾರು ಅರ್ಧ ಮಿಲಿಸೀವರ್ಟ್ (ಮೈಗೆ ತಾಗುವ ಡೋಸ್ ಅಳೆಯುವ ಮಾನ). ಜನಸಾಮಾನ್ಯರಿಗೆ ಹೇಳುವ ವರ್ಷದ ಮಿತಿ 1 ಮಿಲಿಸೀವರ್ಟ್. ಕಾಡಿನ ಅಣಬೆ ಈ ಲೆಕ್ಕವನ್ನು ಸುಲಭವಾಗಿ ಕೆಡಿಸುತ್ತದೆ. ಕಾಡಿನ ನೆಲದ ಮೇಲ್ಪದರದಲ್ಲೇ ಸೀಸಿಯಂ ಸುತ್ತುತ್ತಿರುತ್ತದೆ, ಅಣಬೆ ಅದನ್ನು ಹೀರುತ್ತದೆ. ಕಾಡುಹಣ್ಣು, ಬೇಟೆಯ ಮಾಂಸ, ಕೆರೆ ಮೀನೂ ಇದೇ ಸಾಲಿನವು. ಅಣಬೆ ಕಾಲ ಬಂದಾಗ ಜನರ ಮೈಯಲ್ಲೂ ಸೀಸಿಯಂ ಏರುತ್ತದೆ. ಬಡವರಿಗೆ ಕಾಡೇ ಸಂತೆ, ಸುಮ್ನೆ ತಿನ್ನಬೇಡಿ ಅಂದರೆ ಆಗುವುದಿಲ್ಲ.

ಹಾಗಾಗಿ ದಾರಿಗಳೂ ಅಡುಗೆಮನೆ, ಕೊಟ್ಟಿಗೆಯಲ್ಲೇ ಇವೆ. ಅಣಬೆಯನ್ನು ಉಪ್ಪುನೀರಲ್ಲಿ ಕುದಿಸಿ ನೀರು ಚೆಲ್ಲಿದರೆ ಬಹಳಷ್ಟು ಸೀಸಿಯಂ ಹೋಗುತ್ತದೆ, ರುಚಿಯೂ ಸ್ವಲ್ಪ ಹೋಗುತ್ತದೆ. ಹಾಲಿನಿಂದ ಬೆಣ್ಣೆ ತೆಗೆದರೆ ಸೀಸಿಯಂ ಹೆಚ್ಚಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಸುವಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣದ ರಾಸಾಯನಿಕ ತಿನ್ನಿಸಿದರೆ ಅದು ಹೊಟ್ಟೆಯಲ್ಲೇ ಸೀಸಿಯಂ ಅನ್ನು ಹಿಡಿದು ಸಗಣಿಯಲ್ಲಿ ಹೊರಹಾಕುತ್ತದೆ. ಸ್ಟ್ರಾನ್ಷಿಯಂ-90 ಎಂಬ ಮತ್ತೊಂದು ವಿಕಿರಣ ವಸ್ತು ಮಾತ್ರ ಬೇರೆ ಜಾತಿ. ಅದು ಕ್ಯಾಲ್ಸಿಯಂ ಥರ ಮೂಳೆಗೆ ಹೋಗಿ ಕೂರುತ್ತದೆ, ಮೂರು ತಿಂಗಳಿಗೆಲ್ಲ ಜಾಗ ಬಿಡುವುದಿಲ್ಲ.