‘ವಿವರಗಳಿಗೆ ಕರೆ ಮಾಡಿ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ

ವೆಬ್‌ಸೈಟ್ ಮಾಡಿಸಲು ಬರುವವರು ಮೊದಲು ಬಣ್ಣದ ಮಾತು ತೆಗೆಯುತ್ತಾರೆ. ನೀಲಿ ಚೆನ್ನಾಗಿರುತ್ತಾ, ಮರೂನ್ ಹಾಕೋಣವಾ, ಲೋಗೋ ಇನ್ನೂ ಸ್ವಲ್ಪ ದೊಡ್ಡದಾಗಲಿ. ವಿಕ್ಸ್, ಸ್ಕ್ವೇರ್‌ಸ್ಪೇಸ್, ವರ್ಡ್‌ಪ್ರೆಸ್, ಜೋಹೋ, ಸೈಟ್ ಕಟ್ಟುವ ಯಾವ ಸಾಧನವನ್ನೇ ತೆಗೆದುಕೊಳ್ಳಿ, ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಕೋಡ್ ಗೊತ್ತಿಲ್ಲದವರೂ ಮಾಡಿಕೊಳ್ಳಬಹುದು. ಅದು ಮುಗಿದ ಮೇಲೆ ನಾನು ಸೇವೆಗಳ ಪುಟಕ್ಕೆ ಏನು ಬರೆದಿದ್ದೀರಿ ಅಂತ ಕೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬರುತ್ತದೆ: ‘ಅತ್ಯುತ್ತಮ ಗುಣಮಟ್ಟದ ಸೇವೆ, ಕೈಗೆಟುಕುವ ದರ. ವಿವರಗಳಿಗೆ ಕರೆ ಮಾಡಿ.’

ಈ ಎರಡು ಸಾಲು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೋಫಾ ತೊಳೆಯುವವರು, ಯೋಗ ಹೇಳಿಕೊಡುವವರು, ಮದುವೆ ಫೋಟೋ ತೆಗೆಯುವವರು, ಮೆಹಂದಿ ಹಾಕುವವರು, ಎಲ್ಲರೂ ಇದನ್ನೇ ಬರೆದುಕೊಡುತ್ತಾರೆ. ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿಗರು. ಅವರ ಪುಟ ನೋಡಿದರೆ ಮಾತ್ರ ಅದು ಒಂಚೂರೂ ಗೊತ್ತಾಗುವುದಿಲ್ಲ.

ಸೀರೆ ಮಾರುವವರಿಗೆ ಸೀರೆಯ ಫೋಟೋ ಇದೆ. ಅಂಚು, ಸೆರಗು, ಬಣ್ಣ ಎಲ್ಲ ಕಾಣುತ್ತದೆ. ಸೇವೆಯಲ್ಲಿ ಹಾಗೆ ತೋರಿಸಲು ಏನೂ ಇರುವುದಿಲ್ಲ. ಗಿರಾಕಿ ಹಣ ಕೊಡುವ ಹೊತ್ತಿಗೆ ನೀವು ಕೆಲಸ ಶುರುವನ್ನೇ ಮಾಡಿರುವುದಿಲ್ಲ. ನೀವು ಬರೆದ ಮಾತನ್ನು ನಂಬಿಯೇ ಅವರು ಹಣ ಕೊಡಬೇಕು. ಏನು ಮಾಡಿಕೊಡುತ್ತೀರಿ, ಎಷ್ಟು ಹೊತ್ತು, ಎಷ್ಟು ಹಣ, ಅದರಲ್ಲಿ ಏನು ಸೇರಿಲ್ಲ. ದರ್ಶಿನಿಯ ಗೋಡೆ ಮೇಲಿನ ಬೋರ್ಡ್‌ನಲ್ಲಿ ಮಸಾಲೆ ದೋಸೆಯ ಮುಂದೆ ‘ಕರೆ ಮಾಡಿ’ ಅಂತ ಬರೆದಿದ್ದರೆ ನೀವು ಕ್ಯೂನಲ್ಲಿ ನಿಲ್ಲುತ್ತೀರಾ?

ಮೈಸೂರಿನಲ್ಲಿ ಒಬ್ಬರು ಕರ್ನಾಟಕ ಸಂಗೀತದ ಟೀಚರ್ ಇದ್ದಾರೆ. ಮಕ್ಕಳಿಗೆ ಎಷ್ಟು ತಾಳ್ಮೆಯಿಂದ ಹೇಳಿಕೊಡುತ್ತಾರೆ ಅಂದರೆ, ಪಕ್ಕದಲ್ಲಿ ಕೂತು ಕೇಳುವುದೇ ಒಂದು ಖುಷಿ. ಅವರ ಹತ್ತಿರ ಕಲಿಯಲು ಆಸೆಪಡುವವರಲ್ಲಿ ಅರ್ಧ ಜನ ಅಮೆರಿಕದ ಕನ್ನಡದ ಮನೆಯವರು. ಈ ಟೀಚರ್ ಅವರ ಹಳೆಯ ಸೈಟಿನಲ್ಲೂ ಅದೇ ಸಾಲು ಇತ್ತು. ನಾನು ದರ ಹಾಕೋಣ ಅಂದೆ.

‘ವಿದ್ಯೆಗೆ ರೇಟ್ ಬೋರ್ಡ್ ಹಾಕೋದಾ ಸರ್? ಫೋನ್ ಮಾಡಿದರೆ ಹೇಳ್ತೀನಲ್ಲ.’

‘ಯಾವಾಗ ಮಾಡಬೇಕು ಮೇಡಂ ಅವರು?’

ನ್ಯೂಜೆರ್ಸಿಯ ತಾಯಿಗೆ ಬಿಡುವು ಸಿಗುವುದು ಆಫೀಸಿನ ಊಟದ ಹೊತ್ತಿನಲ್ಲಿ. ಅಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ಅಷ್ಟು ಹೊತ್ತಿನಲ್ಲಿ ಗುರುಗಳಿಗೆ ಫೋನ್ ಮಾಡಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ನಾಳೆ ಮಾಡೋಣ ಅಂದುಕೊಳ್ಳುತ್ತಾಳೆ. ನಾಳೆಯೂ ಅದೇ ಗಂಟೆಗೇ ಬಿಡುವು. ವಿದೇಶ ಯಾಕೆ, ಬೆಂಗಳೂರಿನಲ್ಲೇ ಮಗು ಮಲಗಿದ ಮೇಲೆ ರಾತ್ರಿ ಮೊಬೈಲ್ ಹಿಡಿದು ಟ್ಯೂಷನ್ ಹುಡುಕುವವರು ಎಷ್ಟು ಜನ ಇಲ್ಲ? ಅವರ ಕಥೆಯೂ ಇದೇ.

ಕೊನೆಗೆ ಟೀಚರ್ ಕೂತು ತಾವೇ ಬರೆದರು. ಶುರುವಿನ ತರಗತಿ: 7 ವರ್ಷ ದಾಟಿದ ಮಕ್ಕಳಿಗೆ. ಸರಳೆ ವರಸೆಯಿಂದ ಪಿಳ್ಳಾರಿ ಗೀತೆಗಳವರೆಗೆ. ತಿಂಗಳಿಗೆ 8 ತರಗತಿ, ಒಂದೊಂದೂ 40 ನಿಮಿಷ, ಒಂದು ಗುಂಪಿನಲ್ಲಿ 3 ಮಕ್ಕಳಿಗಿಂತ ಜಾಸ್ತಿ ಇಲ್ಲ. ತಿಂಗಳ ಶುಲ್ಕ ಇಷ್ಟು. ಪರೀಕ್ಷೆಗೆ ತಯಾರಿ ಇದರಲ್ಲಿ ಸೇರಿಲ್ಲ. ಶ್ರುತಿ ಪೆಟ್ಟಿಗೆ ಅಥವಾ ತಂಬೂರಿ ಆ್ಯಪ್ ಮನೆಯಲ್ಲಿರಬೇಕು. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿಕೊಳ್ಳಬೇಕು, ಇಲ್ಲವಾದರೆ ಝೂಮ್ ತಂಬೂರಿಯ ನಾದವನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ.

ಆ ಕೊನೆಯ ಸಾಲು ನನಗೆ ತುಂಬ ಇಷ್ಟವಾಯಿತು. ಅದನ್ನು ಓದಿದ ಯಾರಿಗೇ ಆಗಲಿ, ಇವರು ನಿಜಕ್ಕೂ ಆನ್‌ಲೈನ್‌ನಲ್ಲಿ ಪಾಠ ಮಾಡಿದವರು ಅಂತ ಗೊತ್ತಾಗುತ್ತದೆ. ‘ಅತ್ಯುತ್ತಮ’ ಅಂತ ಬೇರೆ ಬರೆಯಬೇಕಾಗಿಲ್ಲ.

ಇನ್ನೊಂದನ್ನು ನಾವು ಸೇರಿಸಿದೆವು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ನಮ್ಮ ಗಡಿಯಾರ ಇದ್ದಲ್ಲೇ ಇರುತ್ತದೆ. ಶನಿವಾರ ಸಂಜೆ 7ರ ತರಗತಿ ನ್ಯೂಜೆರ್ಸಿಯ ಮಗುವಿಗೆ ಬೇಸಿಗೆಯಲ್ಲಿ ಬೆಳಗ್ಗೆ 9.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ. ಬುಕಿಂಗ್ ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ಸರಿಯಾಗಿ ಹಾಕಿದರೆ ನೋಡುವವರ ಊರಿನ ಸಮಯವನ್ನೇ ತೋರಿಸಬಹುದು. ಆದರೂ ಪುಟದಲ್ಲಿ ಒಂದು ಸಾಲು ಬರೆದುಬಿಡಿ. ಇಲ್ಲದಿದ್ದರೆ ನವೆಂಬರ್‌ನಲ್ಲಿ ಮಕ್ಕಳು ಒಂದು ಗಂಟೆ ತಡವಾಗಿ ಬಂದು ಕಾಯುತ್ತಾ ಕೂರುತ್ತಾರೆ.

ದರ ಹಾಕಿ ಅಂದಾಗ ನನಗೆ ಬರುವ ಉತ್ತರ ಎರಡೇ. ಒಂದು, ಪಕ್ಕದವರು ನೋಡಿ ಕಡಿಮೆ ಮಾಡುತ್ತಾರೆ ಅನ್ನುವುದು. ಪಕ್ಕದವರಿಗೆ ನಿಮ್ಮ ದರ ಈಗಾಗಲೇ ಗೊತ್ತಿರುತ್ತದೆ. ಗಿರಾಕಿ ಹೆಸರಲ್ಲಿ ಫೋನ್ ಮಾಡಿ ತಿಳಿದುಕೊಂಡಿರುತ್ತಾರೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ.

ಎರಡನೆಯದರಲ್ಲಿ ನ್ಯಾಯವಿದೆ: ‘ಕೆಲಸ ನೋಡದೆ ಹೇಗೆ ರೇಟ್ ಹೇಳಲಿ ಸರ್?’ ಸೋಫಾ ತೊಳೆಯುವ ಹುಡುಗರು ಇದನ್ನು ಹೇಳಿದಾಗ ನಾನು ಒಪ್ಪುತ್ತೇನೆ. ಎಲ್ಲ ಸೋಫಾ ಒಂದೇ ಥರ ಇರುವುದಿಲ್ಲ. ಆದರೆ ರೇಟ್ ಯಾವುದರಿಂದ ಹೆಚ್ಚು ಕಡಿಮೆ ಆಗುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಎಷ್ಟು ಸೀಟು, ಬಟ್ಟೆಯೋ ಲೆದರೋ, ನಾಯಿ ಸಾಕಿದ ಮನೆಯೋ, ಎಣ್ಣೆ ಕಲೆ ಇದೆಯೋ, ಲಿಫ್ಟ್ ಇಲ್ಲದ ಮೂರನೇ ಮಹಡಿಯೋ. ಅದನ್ನೇ ಬರೆಯಿರಿ. ಒಂದು ಸೀಟಿಗೆ ಇಷ್ಟರಿಂದ ಶುರು, ಲೆದರ್ ಆದರೆ ಇಷ್ಟು ಜಾಸ್ತಿ, ಎಣ್ಣೆ ಕಲೆ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ, ಒಣಗಲು ಅರ್ಧ ದಿನ ಬೇಕು. ಇಷ್ಟು ಬರೆದ ಮೇಲೂ ಫೋನ್ ಬರುತ್ತದೆ. ಆದರೆ ‘ರೇಟ್ ಎಷ್ಟು’ ಅಂತ ಕೇಳಿ ಇಟ್ಟುಬಿಡುವ ಫೋನ್ ಕಡಿಮೆಯಾಗುತ್ತದೆ. ‘ನಮ್ಮದು ಐದು ಸೀಟು, ಬಟ್ಟೆಯದು, ಭಾನುವಾರ ಬರ್ತೀರಾ’ ಅನ್ನುವವರು ಮಾತಾಡುತ್ತಾರೆ.

ಎಲ್ಲ ವೃತ್ತಿಗೂ ಈ ಮಾತು ಹೊಂದುವುದಿಲ್ಲ, ಅದನ್ನೂ ಹೇಳಬೇಕು. ವಕೀಲರು ಜಾಹೀರಾತು ಮಾಡುವಂತಿಲ್ಲ. ಬಾರ್ ಕೌನ್ಸಿಲ್ 2008ರಲ್ಲಿ ಅವರಿಗೆ ಸೈಟ್ ಇಟ್ಟುಕೊಳ್ಳಲು ಬಿಟ್ಟಿದೆ, ಆದರೆ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ಎಂಬಂಥ ವಿವರಗಳಿಗಷ್ಟೇ. ವೈದ್ಯರಿಗೂ ಸಿಎಗಳಿಗೂ ಅವರದೇ ನಿಯಮಗಳಿವೆ. ನಿಮ್ಮ ಪರಿಷತ್ತಿನ ನಿಯಮ ಓದದೆ ನನ್ನ ಮಾತು ಕೇಳಿ ದರಪಟ್ಟಿ ಹಾಕಬೇಡಿ.

ಕನ್ನಡದಲ್ಲಿ ಪುಟ ಮಾಡುವವರಿಗೆ ಒಂದು ಸಣ್ಣ ಮಾತು. ಟೆಂಪ್ಲೇಟುಗಳನ್ನು, ಅಂದರೆ ಪುಟದ ಸಿದ್ಧ ವಿನ್ಯಾಸಗಳನ್ನು, ಇಂಗ್ಲಿಷ್ ಅಕ್ಷರ ನೋಡಿಕೊಂಡು ಮಾಡಿರುತ್ತಾರೆ. ಸಾಲುಗಳ ನಡುವೆ ಜಾಗ ಕಡಿಮೆ ಇರುತ್ತದೆ. ಬಟನ್ ಮೇಲೆ ‘ಶುಲ್ಕ’ ಅಂತ ಹಾಕಿದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಅಂತರ ಹೆಚ್ಚಿಸಿ, ಕಡಿಮೆ ಬೆಲೆಯ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಲಿ. ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ.

ಸೈಟಿನಲ್ಲೇ ಹಣ ತೆಗೆದುಕೊಳ್ಳುವುದಾದರೆ ಇದನ್ನೆಲ್ಲ ಬರೆಯುವುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಸೇವೆಗಳಿಗೂ ಅನ್ವಯಿಸುತ್ತವೆ. ಎಲ್ಲ ಸೇರಿ ಒಟ್ಟು ದರ ಎಷ್ಟು ಅಂತ ಒಂದೇ ಮೊತ್ತದಲ್ಲಿ ತೋರಿಸಬೇಕು, ಜೊತೆಗೆ ಬಿಡಿ ಲೆಕ್ಕವೂ ಇರಬೇಕು. ಒಪ್ಪಿಗೆಯ ಟಿಕ್ ಗುರುತನ್ನು ನೀವೇ ಮೊದಲೇ ಹಾಕಿಡುವಂತಿಲ್ಲ. ಗಿರಾಕಿ ಕ್ಯಾನ್ಸಲ್ ಮಾಡಿದರೆ ಅದಕ್ಕೆ ಶುಲ್ಕ ಹಿಡಿದುಕೊಳ್ಳುವುದಾದರೆ, ನೀವೇ ಕ್ಯಾನ್ಸಲ್ ಮಾಡಿದಾಗ ನೀವೂ ಅಂಥದೇ ಶುಲ್ಕ ಹೊರಬೇಕು. ಇದನ್ನು ಹೇಳಿದಾಗ ತುಂಬ ಜನ ಬೆಚ್ಚಿಬೀಳುತ್ತಾರೆ. ನಾನು ವಕೀಲನಲ್ಲ, ನಿಮಗೆ ಹೇಗೆ ಅನ್ವಯಿಸುತ್ತದೆ ಅಂತ ತಿಳಿದವರನ್ನು ಕೇಳಿಕೊಳ್ಳಿ. ಜಿಎಸ್‌ಟಿಯೂ ಹಾಗೆಯೇ. ಕರ್ನಾಟಕದಲ್ಲಿ ಸೇವೆಗೆ ನೋಂದಣಿಯ ಮಿತಿ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು, ಆದರೆ ವಿದೇಶದಿಂದ ಹಣ ಬರುವವರು ಒಮ್ಮೆ ಸಿಎ ಹತ್ತಿರ ಕೂತು ಮಾತಾಡಿ.

ಪೇಮೆಂಟ್ ಗೇಟ್‌ವೇಯವರು (ಸೈಟಿನಲ್ಲಿ ಹಣ ಪಾವತಿಯ ವ್ಯವಸ್ಥೆ ಮಾಡಿಕೊಡುವವರು) ಖಾತೆ ತೆರೆಯುವ ಮೊದಲು ರೀಫಂಡ್ ಪಾಲಿಸಿ, ಅಂದರೆ ಹಣ ವಾಪಸಾತಿಯ ನಿಯಮ, ಕೇಳುತ್ತಾರೆ. ಅವಸರದಲ್ಲಿ ಯಾವುದೋ ಅಂಗಡಿಯ ಸೈಟಿನಿಂದ ಎತ್ತಿ ಅಂಟಿಸುತ್ತೀರಿ. ಯೋಗ ತರಗತಿಯ ಸೈಟಿನಲ್ಲಿ ‘7 ದಿನದೊಳಗೆ ಸರಕನ್ನು ಅದರ ಪ್ಯಾಕಿಂಗ್‌ನಲ್ಲೇ ವಾಪಸ್ ಕಳಿಸಿ’ ಅಂತ ಇರುವುದನ್ನು ನಾನು ಕಂಡಿದ್ದೇನೆ. ಸಂಗೀತದ ಟೀಚರ್ ಹೀಗೆ ಬರೆದರು: ‘ಆರು ಗಂಟೆ ಮೊದಲು ತಿಳಿಸಿದರೆ ಆ ಪಾಠವನ್ನು ಬೇರೆ ದಿನ ಮಾಡುತ್ತೇನೆ. ನಾನೇ ತಪ್ಪಿಸಿದರೆ ಬದಲಿ ತರಗತಿ ಕೊಡುತ್ತೇನೆ, ಅದು ಬೇಡವೆಂದರೆ ಆ ತರಗತಿಯ ಹಣ ವಾಪಸ್. ಮಗುವಿಗೆ ಜ್ವರ ಬಂದಿದ್ದರೆ ತರಗತಿಯ ಹೊತ್ತಿಗೆ ತಿಳಿಸಿದರೂ ಸಾಕು.’ ಪಾಲಿಸಿಯಲ್ಲಿ ಜ್ವರದ ಮಾತು ಯಾಕೆ ಅಂತ ಅವರ ಮಗ ತೆಗೆಯಲು ಹೊರಟಿದ್ದ. ಬೇಡ, ಇರಲಿ ಅಂತ ನಾನೇ ತಡೆದೆ.